ಹಂಡೆಗೆ ಹೊಯ್ದ ಕೊನೆಯ ಚೆಂಬು

ಹೋದ ತಿಂಗಳು ಮದ್ದೂರಿನಲ್ಲಿ ಒಂದು ಮದುವೆ. ಊಟ ಮುಗಿಸಿ ಕೈ ತೊಳೆಯಲು ಛತ್ರದ ಹಿಂದಕ್ಕೆ ಹೋದೆ. ಅಲ್ಲಿ ಅಡುಗೆಯವರು ಇಟ್ಟಿಗೆ ಜೋಡಿಸಿ ಮಾಡಿದ್ದ ಒಲೆಗೆ ಒಂದು ಕೊಡ ನೀರು ಸುರಿದರು. ಚುಸ್ಸೆಂದು ಹಬೆ ಎದ್ದಿತು. ಬಿಸಿ ಇಟ್ಟಿಗೆ, ಒದ್ದೆ ಬೂದಿ, ಬೆಂದ ಮಣ್ಣು ಎಲ್ಲ ಸೇರಿದ ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಕಾಲು ಅಲ್ಲೇ ನಿಂತುಬಿಟ್ಟಿತು. ಜೊತೆಗಿದ್ದ ನನ್ನ ತಂಗಿ, "ಯಾಕಕ್ಕಾ, ತಲೆ ಸುತ್ತುತ್ತಾ?" ಅಂದಳು. "ಇಲ್ಲ ಕಣೇ, ಊಟ ಜಾಸ್ತಿ ಆಯ್ತು" ಅಂದೆ. ಸುಳ್ಳು. ಈ ವಿಷಯದಲ್ಲಿ ಸುಳ್ಳು ಹೇಳುವುದು ನನಗೇನೂ ಹೊಸದಲ್ಲ.

ಎಪ್ಪತ್ನಾಲ್ಕರ ಮಳೆಗಾಲ ಅದು. ಮಂಡ್ಯದ ಗುತ್ತಲಿನಲ್ಲಿ ನಮ್ಮ ಮಾವನವರ ಮನೆ. ನನಗೆ ಮದುವೆಯಾಗಿ ಮೂರು ವರ್ಷ. ಮನೆಯಲ್ಲಿ ನಾಲ್ಕೇ ಜನ: ಹೈಸ್ಕೂಲು ಮೇಷ್ಟ್ರಾಗಿ ರಿಟೈರಾದ ಮಾವ, ಅತ್ತೆ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ಯಜಮಾನರು, ನಾನು. ಐದನೆಯದಾಗಿ ಒಂದು ಹಂಡೆ ಇತ್ತು ಅನ್ನಬೇಕು, ಯಾಕೆಂದರೆ ನಾಲ್ಕು ಜನಕ್ಕೂ ಸೇರಿ ಮಾಡಿದಷ್ಟು ಚಾಕರಿಯನ್ನು ನಾನು ಅದೊಂದಕ್ಕೇ ಮಾಡುತ್ತಿದ್ದೆ.

ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಅಡುಗೆಮನೆಯ ಕಡೆ ಆ ಗೋಡೆಗೆ ಒರಗಿಸಿ ಒಲೆ ಕಟ್ಟಿದ್ದರು. ಒಲೆಯ ಹಿಂದೆ, ಗೋಡೆಯ ಹೊಟ್ಟೆಯೊಳಗೇ ಹದಿನೈದು ಕೊಡ ಹಿಡಿಯುವ ತಾಮ್ರದ ಹಂಡೆ ಕೂರಿಸಿದ್ದರು. ಅದರ ಬಾಯಿ ಮಾತ್ರ ಬಚ್ಚಲ ಕಡೆಗೆ. ಒಲೆಯಿಂದ ಹಂಡೆಯ ತಳಕ್ಕೆ ಒಂದು ಕಿಂಡಿ. ಮುಂದೆ ಸಾರು ಕುದಿಯುವಾಗ ಹಿಂದೆ ಸ್ನಾನದ ನೀರು ಕಾಯಬೇಕು, ಹೊಗೆ ಹಂಡೆಯನ್ನು ಸುತ್ತಿಕೊಂಡು ಮೇಲೆ ಹೋಗಬೇಕು. "ಒಂದೇ ಬೆಂಕಿ, ಎರಡು ಕೆಲಸ. ನಮ್ಮ ತಾಯಿ ಮಾಡಿಸಿದ್ದು" ಎಂದು ಮಾವ ಬಂದವರಿಗೆಲ್ಲ ತೋರಿಸುತ್ತಿದ್ದರು. ದಿನಾ ಬೆಳಿಗ್ಗೆ ಬಾವಿಯಿಂದ ಹದಿನೈದು ಕೊಡ ಸೇದಿ ಅದರ ಹೊಟ್ಟೆ ತುಂಬಿಸುವವಳನ್ನು ಮಾತ್ರ ಯಾರಿಗೂ ತೋರಿಸಲಿಲ್ಲ.

ಆ ವರ್ಷ ಹಂಡೆಯ ತಳದ ಕಿಂಡಿಯಲ್ಲಿ ಮಸಿ ಕಟ್ಟಿಕೊಂಡಿತು. ಹೊಗೆಗೆ ಹೋಗಲು ದಾರಿಯಿಲ್ಲ, ತಿರುಗಿ ಅಡುಗೆಮನೆಗೇ ಬರುತ್ತಿತ್ತು. ಮಳೆ ಹಿಡಿದ ಮೇಲೆ ಸೌದೆಯೂ ಹಸಿ. ಊದಿ ಊದಿ ನನ್ನ ಕಣ್ಣು ಮೆಣಸಿನಕಾಯಿ ಆಗಿತ್ತು. ಅತ್ತೆಗೆ ಮೊದಲೇ ಕೆಮ್ಮು. ಒಮ್ಮೆ ಶುರುವಾದರೆ ಗೋಡೆ ಹಿಡಿದು ನಿಂತು, ಉಸಿರು ಸಿಕ್ಕದೆ ನನ್ನ ಮುಖ ನೋಡುತ್ತಿದ್ದರು. ಡಾಕ್ಟರು ಮಾವನಿಗೆ ಖಡಾಖಂಡಿತ ಹೇಳಿಬಿಟ್ಟರು: "ಮೊದಲು ಮನೆ ಹೊಗೆ ಬಿಡಿಸಿ ಮೇಷ್ಟ್ರೇ. ಹೊಗೆಗೆ ನನ್ನ ಹತ್ರ ಔಷಧಿ ಇಲ್ಲ."

ಹೀಗಾಗಿ ಕೆಂಚಣ್ಣ ಬಂದ. ವೈದ್ಯನಾಥಪುರದ ಗಾರೆ ಕೆಲಸದವನು, ನಲವತ್ತರ ಆಸುಪಾಸು. ಕರಣೆ, ತೂಕದ ಗುಂಡು ಒಂದು ಚೀಲದಲ್ಲಿ ಹಾಕಿಕೊಂಡು ಮದ್ದೂರಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದ. ಗೋಡೆ ಕಟ್ಟುವವರು ಬೇಕಾದಷ್ಟು ಜನ ಇದ್ದರು. ಹೊಗೆಯಿಲ್ಲದ ಒಲೆ ಕಟ್ಟುವವನು ಅವನೊಬ್ಬನೇ. ಗುತ್ತಲಿನಲ್ಲೆಲ್ಲ ಅವನಿಗೆ 'ಒಲೆ ಕೆಂಚಣ್ಣ' ಅಂತಲೇ ಹೆಸರು. ಕಟ್ಟಿ ಮುಗಿಸಿದ ಮೇಲೆ ಒಲೆಗೆ ಒಂದು ತೆಂಗಿನ ಗರಿ ಹಚ್ಚಿ, ತನ್ನ ಬಿಳಿ ಟವೆಲನ್ನು ಒಲೆಬಾಯಿಯ ಮೇಲೆ ಹಿಡಿಯುತ್ತಿದ್ದ. ಟವೆಲಿನ ಮೇಲೆ ಚೂರು ಮಸಿ ಕಂಡರೂ ಇಡೀ ಒಲೆ ಒಡೆದು ಮತ್ತೆ ಕಟ್ಟುತ್ತಿದ್ದ. ಕಟ್ಟಿಸಿದವರು "ಸಾಕು ಬಿಡಯ್ಯ" ಅಂದರೂ ಕೇಳುತ್ತಿರಲಿಲ್ಲ.

ನಮ್ಮ ಒಲೆಯೊಳಕ್ಕೆ ಭುಜದವರೆಗೂ ಕೈ ತೂರಿಸಿ, ಮಸಿ ಮೆತ್ತಿಕೊಂಡ ತೋಳು ಈಚೆಗೆ ತೆಗೆದ.

"ಮೇಷ್ಟ್ರೇ, ಅಂಡೆ ಕೆಳಗೆ ಮಸಿ ಕಲ್ಲಾಗ್ಬುಟ್ಟದೆ. ಇನ್ನು ಅದರ ಕೆಲ್ಸ ಸಾಕು."

"ಹಾಗಾದರೆ ಕಿತ್ತುಹಾಕು."

"ಕೀಳಕ್ಕಾಗಲ್ಲ. ಇದೇ ಗ್ವಾಡೆ ಮ್ಯಾಲೆ ತೊಲೆ ಕುಂತದೆ. ಅಂಡೆ ಬಂದ್ರೆ ಗ್ವಾಡೆ ಬತ್ತದೆ, ಗ್ವಾಡೆ ಬಂದ್ರೆ ಸೂರು ಬತ್ತದೆ. ಅಂಡೆ ಅಲ್ಲೇ ಇರ್ಲಿ. ನೀರು ಬತ್ತಿಸಿ, ಒಣಗ್ಸಿ, ಬಾಯಿಗೆ ಚಪ್ಪಡಿ ಮುಚ್ಚಿ ಸಿಮೆಂಟು ಮೆತ್ತುಬುಡ್ತೀನಿ. ಕಿಂಡಿಗೆ ಇಟ್ಟಿಗೆ ಕಟ್ತೀನಿ. ಮುಂದ್ಗಡೆ ಒಲೆ ಮಾತ್ರ ಉಳೀತದೆ. ಅದರ ಹೊಗೆ ನೆಟ್ಟಗೆ ಮ್ಯಾಕೋಗಂಗೆ ಮಾಡ್ತೀನಿ."

ಸ್ನಾನಕ್ಕೆ ಯಜಮಾನರು ಮೈಸೂರಿನಿಂದ ಬೇರೆಯದೇ ಒಂದು ತಾಮ್ರದ ಬಾಯ್ಲರು ತಂದರು. ನಡುವೆ ಕೊಳವೆ, ಕೆಳಗೆ ನಾಲ್ಕು ತುಂಡು ಸೌದೆ, ಮೂರು ಕೊಡ ನೀರು. ಅದನ್ನು ನೋಡಿ ನನಗೆ ಹೆಚ್ಚುಕಡಿಮೆ ಅಳುವೇ ಬಂತು. ಹದಿನೈದು ಎಲ್ಲಿ, ಮೂರು ಎಲ್ಲಿ!

"ಆಷಾಢದಲ್ಲಿ ಒಲೆ ಮುಟ್ಟೋದಾ?" ಎಂದು ಅತ್ತೆ ತಕರಾರು ತೆಗೆದರು. ಆದರೆ ಹಾಗೆ ಹೇಳುವಷ್ಟರಲ್ಲೇ ಕೆಮ್ಮು ಬಂದು ಅವರ ಮಾತು ಅವರಿಗೇ ಮುಳುವಾಯಿತು.

ಮೂರು ದಿನದ ಕೆಲಸ. ನಮ್ಮದು ಮಡಿಮೈಲಿಗೆಯ ಮನೆ. ಕೆಂಚಣ್ಣ ಒಳಗೆ ಕೆಲಸ ಮಾಡುವ ಮೂರೂ ದಿನ ದೇವರ ಪಟದಿಂದ ಉಪ್ಪಿನಕಾಯಿ ಜಾಡಿಯವರೆಗೂ ಎಲ್ಲ ನಡುಮನೆಗೆ ಬಂತು, ಅಡುಗೆ ಹಿತ್ತಲಿಗೆ ಹೋಯಿತು. ಅವನು ನೀರು ಕೇಳಿದರೆ ನಾನು ಮೇಲಿಂದ ಹೊಯ್ಯಬೇಕು, ಅವನು ಬೊಗಸೆಯಲ್ಲಿ ಕುಡಿಯಬೇಕು. ಅವನು ಬಗ್ಗಿ ನಿಂತು ಕುಡಿಯುವಾಗ ನನಗೆ ನಾಚಿಕೆಯಾಗುತ್ತಿತ್ತು, ಆದರೂ ಲೋಟ ಕೊಡಲಿಲ್ಲ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ, ಮುಚ್ಚಿಟ್ಟದ್ದು ಸಾಕಾಗಿದೆ.

ಎರಡನೆಯ ದಿನ ಹಂಡೆ ಬತ್ತಿಸಿದ. ಚೆಂಬಿನಿಂದ ಮೊಗೆದು, ಉಳಿದದ್ದನ್ನು ಬಟ್ಟೆಯಲ್ಲಿ ಹಿಂಡಿ, ಕೊನೆಗೆ ತನ್ನ ಟವೆಲಿನಿಂದಲೇ ಒಳಗೆಲ್ಲ ಒರೆಸಿದ. ಆಮೇಲೆ ಮಾವನನ್ನೂ ನನ್ನನ್ನೂ ಕರೆದ.

"ನೋಡಿ, ಇದ್ರೊಳಗೆ ಒಂದ್ ತೊಟ್ಟು ನೀರೂ ಇರ್ಬಾರ್ದು. ಮುಂದೆ ಒಲೆ ಉರೀತಿರ್ತದೆ. ನೀರಿದ್ರೆ ಆವಿಯಾಗಿ ಒದ್ದುಬುಡ್ತದೆ. ಚಪ್ಪಡೀಲಿ ಬೆರಳು ಗಾತ್ರ ತೂತು ಬುಡ್ತೀನಿ, ಉಸ್ರಾಡ್ಲಿ."

"ತೂತು ಬಿಟ್ಟರೆ ಜಿರಲೆ ಬರುತ್ತೆ. ಒಣಗಿದ ಹಂಡೆಗೆ ಉಸಿರು ಯಾಕಯ್ಯ? ನಾನು ಮೂವತ್ತು ವರ್ಷ ಹುಡುಗರಿಗೆ ಹಬೆಯ ಪಾಠ ಹೇಳಿದವನು. ಗಟ್ಟಿಯಾಗಿ ಮುಚ್ಚು" ಎಂದರು ಮಾವ.

ಕೆಂಚಣ್ಣ ತಲೆ ಕೆರೆದುಕೊಂಡು, "ನೀರಿಲ್ದಿದ್ರೆ ಏನೂ ಆಗಲ್ಲ ಬುಡಿ" ಎಂದು ಒಪ್ಪಿಕೊಂಡ.

ಮೂರನೆಯ ದಿನ ಬೆಳಿಗ್ಗೆ ಅವನ ಬಸ್ಸು ಬರುವುದಕ್ಕೆ ಮುಂಚೆ ಅತ್ತೆ ನನ್ನನ್ನು ಬಚ್ಚಲಿಗೆ ಕರೆದರು. ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ, ಒಂದು ಚೆಂಬು ನೀರು, ಅರಿಸಿನದ ದಾರ ಸುತ್ತಿದ ಒಂದು ತೂತಿನ ಕಾಸು.

"ಬರಿಹೊಟ್ಟೇಲಿ ಮುಚ್ಚಬಾರದು ಕಣೇ" ಎಂದರು. "ನಮ್ಮತ್ತೆ ಕೂರಿಸಿದ ಹಂಡೆ. ನಾನು ಈ ಮನೆಗೆ ಬಂದಾಗಿನಿಂದ ನೀರು ತುಂಬೋ ಹಬ್ಬದಲ್ಲಿ ಇದಕ್ಕೆ ಪೂಜೆ ಮಾಡಿದ್ದೀನಿ."

ಹೊರಗಿನವರಿಗೆ ಇದು ಹುಚ್ಚು ಅನ್ನಿಸಬಹುದು. ನಮ್ಮಲ್ಲಿ ಪಕ್ಕದ ಮನೆಯ ಡಬರಿ ಹಿಂದಿರುಗಿಸುವಾಗಲೂ ಬರಿದಾಗಿ ಕೊಡುವುದಿಲ್ಲ, ಒಂದು ಚೂರು ಬೆಲ್ಲವನ್ನಾದರೂ ಹಾಕಿಯೇ ಕೊಡುವುದು. ದೀಪಾವಳಿಯ ಹಿಂದಿನ ಸಂಜೆ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಕಟ್ಟಿ, ಕಂಠಮಟ್ಟ ನೀರು ತುಂಬಿಸಿ ಕೈ ಮುಗಿಯುತ್ತೇವೆ. ಅಂಥ ಹಂಡೆಯನ್ನು ಒಣಗಿಸಿ, ಒರೆಸಿ, ಬಾಯಿಗೆ ಕಲ್ಲು ಹಾಕುವುದೆಂದರೆ ಅತ್ತೆಗೆ ಮನೆಯ ಹಿರಿಯರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಹಾಗೆ.

"ಕೆಂಚಣ್ಣ ಒಂದು ತೊಟ್ಟೂ ಇರಬಾರದು ಅಂದಿದ್ದಾನೆ ಅತ್ತೆ."

"ಹದಿನೈದು ಕೊಡ ಹಿಡಿಯೋ ಹಂಡೆಗೆ ಒಂದು ಚೆಂಬು ಯಾವ ಲೆಕ್ಕ? ಎರಡು ದಿನಕ್ಕೆ ಆರಿಹೋಗುತ್ತೆ. ನಂಗೆ ಬಗ್ಗೋಕಾಗಲ್ಲ, ನೀನೇ ಹಾಕು."

ಹಾಕಿದೆ. ದಿನಾ ಬೆಳಿಗ್ಗೆ ಯಾವ ಹಂಡೆಗೆ ಬಾಯಿ ತುಂಬ ಶಾಪ ಹಾಕುತ್ತಿದ್ದೆನೋ ಅದಕ್ಕೆ ಕೊನೆಯ ಸಲ ನೀರು ಹೊಯ್ಯುವಾಗ ಕಣ್ಣು ಒದ್ದೆಯಾಯಿತು. ಕಾಸು ತಳಕ್ಕೆ ಬಿದ್ದು ಠಣ್ ಅಂದಿತು. ಇಬ್ಬರೂ ಕೈ ಮುಗಿದೆವು.

ಒಂದು ಗಂಟೆ ಕಳೆದ ಮೇಲೆ ಕೆಂಚಣ್ಣ ಬಂದು ಸಿಮೆಂಟು ಕಲಸಿದ. ಚಪ್ಪಡಿ ಎತ್ತುವ ಮುಂಚೆ ನನ್ನ ಕಡೆ ತಿರುಗಿ, "ಒಣಗ್ಯದಾ ಅವ್ವ?" ಎಂದು ಕೇಳಿದ. ಅವನೇ ಬಗ್ಗಿ ಕೈ ಹಾಕಿ ನೋಡಬಹುದಿತ್ತು. ನೋಡಲಿಲ್ಲ. ಅತ್ತೆ ಬಾಗಿಲ ಹಿಂದೆ ನಿಂತಿದ್ದರು.

"ಒಣಗಿದೆ" ಅಂದೆ.

ಅಷ್ಟೇ ಮಾತು. ಅವನು ಚಪ್ಪಡಿ ಕೂರಿಸಿ ಸಿಮೆಂಟು ಮೆತ್ತಿದ.

ಸಾಯಂಕಾಲ ಒಲೆಗೆ ತೆಂಗಿನ ಗರಿ ಹಚ್ಚಿ ಟವೆಲು ಹಿಡಿದ. ಮಲ್ಲಿಗೆ ಹೂವಿನಷ್ಟು ಬಿಳುಪು. ಮಾವ ಖುಷಿಯಾಗಿ, ಪರಿಚಯದ ಹಾಸ್ಟೆಲಿನವರು ದೊಡ್ಡ ಅಡುಗೆಮನೆ ಕಟ್ಟಿಸುತ್ತಿದ್ದಾರೆ, ಅಲ್ಲಿನ ಆರು ಒಲೆಗೂ ನಿನ್ನ ಹೆಸರೇ ಹೇಳುತ್ತೇನೆ ಎಂದರು. ಕೆಂಚಣ್ಣನ ಮುಖ ಅರಳಿತು. "ಆರು ಒಲೆ ಅಂದ್ರೆ ಎರಡು ತಿಂಗಳು ಮದ್ದೂರು ಬಸ್ಸು ತಪ್ಪಲ್ಲ ಮೇಷ್ಟ್ರೇ" ಎಂದು ನಕ್ಕ. ಅವನು ನಗುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಶ್ರಾವಣವಿಡೀ ಸುಖವಾಗಿ ಕಳೆಯಿತು. ಅಡುಗೆಮನೆಯಲ್ಲಿ ಹೊಗೆಯಿಲ್ಲ. ಅತ್ತೆಗೆ ರಾತ್ರಿ ನಿದ್ದೆ ಬರತೊಡಗಿತು. ನನಗೆ ಬೆಳಗಿನ ಹೊತ್ತು ಕೂತು ಕಾಫಿ ಕುಡಿಯುವಷ್ಟು ಬಿಡುವು ಸಿಕ್ಕಿತು. ಆ ಚೆಂಬು ನೀರನ್ನು ಇಬ್ಬರೂ ಮರೆತೇಬಿಟ್ಟೆವು.

ಗಣೇಶನ ಹಬ್ಬದ ದಿನ ನಸುಕಿನಿಂದ ಒಲೆ ಉರಿಯುತ್ತಿತ್ತು. ಕಡಲೆಬೇಳೆ ಬೇಯಿಸಿದ್ದು, ಹೂರಣ ಅರೆದದ್ದು, ಕಡುಬು ಹಬೆಗಿಟ್ಟದ್ದು. ಅಷ್ಟು ಹೊತ್ತು, ಅಷ್ಟು ಜೋರಾಗಿ ಆ ಒಲೆ ಅದುವರೆಗೆ ಉರಿದಿರಲಿಲ್ಲ. ಹತ್ತು ಗಂಟೆಯ ಸುಮಾರಿಗೆ ಅತ್ತೆ ಪೂಜೆಗೆ ಮುಂಚೆ ಕಾಲು ತೊಳೆಯಲು ಬಚ್ಚಲಿಗೆ ಹೋದರು. ನಾನು ಒಲೆಯಿಂದ ಒಂದು ಮಾರು ದೂರದಲ್ಲಿ ಬಾಳೆಯೆಲೆ ಒರೆಸುತ್ತಾ ಕೂತಿದ್ದೆ.

ಗೋಡೆಯೇ ಕೆಮ್ಮಿದ ಹಾಗಾಯಿತು. ಒಲೆಯ ಹಿಂಬದಿಯ ಇಟ್ಟಿಗೆ ಕುಸಿದು ಕಡುಬಿನ ಪಾತ್ರೆ ನೆಲಕ್ಕೆ ಉರುಳಿತು. ಬಚ್ಚಲಿನಿಂದ ಅತ್ತೆ ಕಿರುಚಿದರು. ಓಡಿ ಹೋದರೆ ಹಬೆಯಲ್ಲಿ ಏನೂ ಕಾಣುತ್ತಿಲ್ಲ. ಚಪ್ಪಡಿ ಎದುರಿನ ಗೋಡೆಗೆ ಹೊಡೆದು ಎರಡು ತುಂಡಾಗಿ ಬಿದ್ದಿತ್ತು. ಅತ್ತೆಯ ಎಡಗೈ, ಭುಜ, ಕತ್ತಿನ ಒಂದು ಪಕ್ಕ ಬೆಂದು ಹೋಗಿತ್ತು. ಕಲ್ಲು ಒಂದು ಮೊಳ ಆಚೆ ಬಂದಿದ್ದರೆ ತಲೆಗೇ ಬೀಳುತ್ತಿತ್ತು. ಬಿಸಿ ಇಟ್ಟಿಗೆ, ಒದ್ದೆ ಬೂದಿ, ಬೆಂದ ಮಣ್ಣು. ಅದೇ ವಾಸನೆ.

ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದೆವು. ಮಾರನೆಯ ದಿನ ಮಾವ ಕೆಂಚಣ್ಣನಿಗೆ ಹೇಳಿಕಳಿಸಿದರು. ಬಂದವನು ಅಂಗಳದಲ್ಲಿ ನಿಂತ. ಮಾವ ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು.

"ಒಣಗಿಸಿದ್ದೀನಿ ಅಂತ ಹೇಳಿ ನೀರು ಬಿಟ್ಟು ಮುಚ್ಚಿದ್ದೀಯಲ್ಲೋ! ಕೊಲೆಗಾರ!"

"ಇಲ್ಲ ಮೇಷ್ಟ್ರೇ. ನನ್ ಕೈಯಾರ ಒರೆಸಿವ್ನಿ. ತೂತು ಬುಡ್ತೀನಿ ಅಂದೆ, ನೀವೇ ಬ್ಯಾಡ ಅಂದ್ರಿ."

"ಒಣಗಿದ ಹಂಡೆ ಸಿಡಿಯುತ್ತೇನೋ? ಪಾಠ ಹೇಳಿಕೊಡೋಕೆ ಬರ್ತೀಯ ನನಗೆ?"

ಕೆಂಚಣ್ಣ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಬೀದಿಯ ಹೆಂಗಸರು ಬೇಲಿಯ ಮೇಲಿಂದ ಇಣುಕುತ್ತಿದ್ದರು. ಒಬ್ಬಾಕೆ ಆಷಾಢದಲ್ಲಿ ಒಲೆ ಮುಟ್ಟಿದ ಫಲ ಎಂದರು. ಇನ್ನೊಬ್ಬಾಕೆ, ಮಡಿ ಅಡುಗೆಮನೆಗೆ ಅವನನ್ನು ಬಿಟ್ಟಿದ್ದೇ ತಪ್ಪು ಎಂದರು. ಎಲ್ಲರ ಮಾತೂ ಕೊನೆಗೆ ಅವನ ತಲೆಯ ಮೇಲೆಯೇ ಹೋಗಿ ಕೂತಿತು. ಅವನು ಒಳಗೆ ಹೋಗಿ ತೊಲೆ ಕುಸಿಯದಂತೆ ಆಸರೆಯ ಕಂಬ ಕೊಟ್ಟ. ಸಂಜೆಯವರೆಗೆ ಒಬ್ಬನೇ ಇಟ್ಟಿಗೆ, ಮಣ್ಣು, ಹರಿದ ತಾಮ್ರ ಎಲ್ಲವನ್ನೂ ಹೊತ್ತು ಹಾಕಿದ. ಊಟಕ್ಕೆ ಕರೆದರೆ ಬರಲಿಲ್ಲ. ನಾನು ನೀರು ಹೊಯ್ಯಲು ಚೆಂಬು ಹಿಡಿದು ಹೋದೆ. ನನ್ನನ್ನು ದಾಟಿಕೊಂಡು ಬಾವಿಕಟ್ಟೆಗೆ ಹೋಗಿ ಮುಖ ತೊಳೆದು ಹೊರಟುಹೋದ.

ಆ ರಾತ್ರಿಯೇ ಹೇಳಬೇಕೆಂದಿದ್ದೆ. ಆದರೆ ಆಸ್ಪತ್ರೆಯಲ್ಲಿ ಅತ್ತೆ ಸುಡದ ಕೈಯಿಂದ ನನ್ನ ಕೈ ಹಿಡಿದುಕೊಂಡು, "ಹೇಳಬೇಡ ಕಣೇ. ನಿಮ್ಮ ಮಾವ ನಾನು ಸಾಯೋವರೆಗೂ ಆಡಿಕೊಳ್ತಾರೆ" ಎಂದು ಅತ್ತರು. ಅತ್ತೆಯ ಮಾತಿಗೆ ಕಟ್ಟುಬಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಅವರು ಬೇಡ ಅಂದಾಗ ನನಗೆ ಹಾಯೆನಿಸಿತು. ನೀರು ಹೊಯ್ದ ಕೈ ನನ್ನದು, ಒಣಗಿದೆ ಅಂದ ಬಾಯಿಯೂ ನನ್ನದೇ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಮೇಕೆಗೆ ಬಿದ್ದ ಏಟನ್ನು ನಿಂತು ನೋಡಿದ ಕೋತಿ ನಾನು.

ಗುತ್ತಲಿನಲ್ಲಿ ಆಮೇಲೆ ಯಾರೂ ಅವನನ್ನು ಕರೆಯಲಿಲ್ಲ. ಒಲೆ ಕೆಂಚಣ್ಣ ಹೋಗಿ 'ಹಂಡೆ ಸಿಡಿಸಿದ ಕೆಂಚ' ಆದ. ಹಾಸ್ಟೆಲಿನ ಆರು ಒಲೆಗಳ ಕೆಲಸ ಇನ್ನಾರದೋ ಪಾಲಾಯಿತು. ಮಾವ ತಾವೇ ನಡೆದುಹೋಗಿ ಬೇಡವೆಂದು ಹೇಳಿಬಂದರು. ಅತ್ತೆ ದೀಪಾವಳಿಯ ಹೊತ್ತಿಗೆ ಎದ್ದು ಓಡಾಡುವಂತಾದರು. ನೀರು ತುಂಬುವ ಹಬ್ಬದ ಸಂಜೆ ಹೊಸ ಬಾಯ್ಲರಿಗೆ ಪಟ್ಟೆ ಬಳಿಯುತ್ತಾ, "ಪಾಪ, ಅವನು..." ಎಂದು ಶುರು ಮಾಡಿ ನಿಲ್ಲಿಸಿದರು. ಎರಡು ವರ್ಷದ ಮೇಲೆ ಚಳಿಗಾಲದಲ್ಲಿ ಕೆಮ್ಮು ಮತ್ತೆ ಬಂದು ತೀರಿಕೊಂಡರು.

ಎಪ್ಪತ್ತೇಳರಲ್ಲಿ ಯಜಮಾನರಿಗೆ ಮಳವಳ್ಳಿಗೆ ವರ್ಗವಾಯಿತು. ಬಾಡಿಗೆ ಮನೆ, ಹೊಗೆಯುವ ಒಲೆ. ಒಂದು ದಿನ ಕಚೇರಿಗೆ ಬುತ್ತಿ ಕೊಡಲು ಹೋದಾಗ ಕಾಂಪೌಂಡು ಗೋಡೆ ಕಟ್ಟುತ್ತಿದ್ದವರ ನಡುವೆ ಕೆಂಚಣ್ಣ ಕಂಡ. ಕೂದಲು ನೆರೆತಿತ್ತು. ಹೆಗಲ ಮೇಲಿನ ಟವೆಲು ಬಿಳಿಯದಲ್ಲ, ಕಂದು ಬಣ್ಣದ್ದು. ಹೋಗಿ ಎದುರಿಗೆ ನಿಂತೆ.

"ಗುರುತು ಸಿಕ್ತಾ ಕೆಂಚಣ್ಣ?"

"ಸಿಕ್ದೆ ಏನವ್ವ. ಅತ್ತೆಮ್ಮಾರು ಚೆನ್ನಾಗವ್ರಾ?"

ತೀರಿಕೊಂಡರು ಎಂದೆ. ಅವನು ಕರಣೆ ಕೆಳಗಿಟ್ಟು, "ಒಳ್ಳೇರು" ಎಂದ. ಮೂರು ವರ್ಷ ನುಂಗಿಕೊಂಡಿದ್ದದ್ದು ಅಲ್ಲೇ, ಬಿಸಿಲಲ್ಲಿ, ಬುತ್ತಿ ಕೈಯಲ್ಲಿರುವಾಗಲೇ ಹೊರಗೆ ಬಂತು.

"ನೀರು ನಾನು ಹಾಕಿದ್ದು ಕೆಂಚಣ್ಣ. ನೀನು ಒರೆಸಿದ ಮೇಲೆ, ಮಾರನೇ ದಿನ ಬೆಳಿಗ್ಗೆ. ಒಣಗಿದೆ ಅಂತ ನಿನಗೆ ಸುಳ್ಳು ಹೇಳಿದೆ."

ಅವನು ಬೆಚ್ಚಲಿಲ್ಲ, ಸಿಟ್ಟಾಗಲೂ ಇಲ್ಲ.

"ಗೊತ್ತು ಕಣವ್ವ" ಎಂದ. "ಮಣ್ಣು ಹೊರುವಾಗ ಕಾಸು ಸಿಕ್ತು. ತೂತಿನ ಕಾಸು, ಅರಿಸಿನದ ದಾರ ಸುತ್ತಿದ್ದು. ಅಂಡೆ ಒಳಗೆ ಕಾಸು ಅದಾಗೇ ಹುಟ್ತದಾ? ನಮ್ಮನೆ ಹೆಂಗಸ್ರೂ ಅಂಗೇ, ಏನ್ನೂ ಬರಿದಾಗಿ ಮುಚ್ಚಲ್ಲ. ನಾನೇ ಯೋಚ್ನೆ ಮಾಡ್ಬೇಕಾಗಿತ್ತು."

"ಮತ್ತೆ ಅವತ್ತೇ ಯಾಕೆ ತೋರಿಸಲಿಲ್ಲ? ಮಾವನ ಎದುರಿಗೇ ತೋರಿಸಬಹುದಿತ್ತಲ್ಲ?"

"ಅತ್ತೆಮ್ಮಾರು ಬೆಂದು ಮಲಗವ್ರೆ. ಅದ್ರ ಮ್ಯಾಲೆ ನಾನೂ ಬರೆ ಹಾಕ್ಲಾ? ಮೇಷ್ಟ್ರು ನನ್ ಮಾತು ನಂಬೋರಾ? ನೀವ್ ಯೇಳಿದ್ರೆ ನಂಬೋರು." ಕರಣೆ ಎತ್ತಿಕೊಂಡು ಇಟ್ಟಿಗೆಯ ಮೇಲೆ ಗಾರೆ ಹರಡಿದ. "ನೀವ್ ಯೇಳ್ತೀರಿ ಅಂತ ಕಾದೆ ಕಣವ್ವ. ದೀಪಾವಳಿ ಗಂಟ ಕಾದೆ. ಆಮ್ಯಾಕೆ ಬುಟ್ಟೆ."

ನಮ್ಮ ಮನೆ ಒಲೆ ಹೊಗೆಯುತ್ತೆ, ಬಂದು ಕಟ್ಟಿಕೊಡುತ್ತೀಯಾ ಎಂದು ಕೇಳಿದೆ. ಎಂಥ ಹೆಡ್ಡಿ ನಾನು.

"ಒಲೆ ಕೆಲ್ಸ ಬುಟ್ಟುಬುಟ್ಟೆ. ಗ್ವಾಡೆ ಆದ್ರೆ ಯೇಳಿ, ಬತ್ತೀನಿ."

ಆ ಭಾನುವಾರ ಬಸ್ಸು ಹತ್ತಿ ಗುತ್ತಲಿಗೆ ಹೋಗಿ ಮಾವನಿಗೆ ಎಲ್ಲ ಹೇಳಿದೆ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಈಗ್ಯಾಕೆ ಅದೆಲ್ಲ?" ಎಂದರು. ಅಷ್ಟೇ. ಹಾಸ್ಟೆಲಿನಲ್ಲಿ ಆರು ಒಲೆಗಳೂ ಆಗಲೇ ಬೇರೆಯವರ ಕೈಯಲ್ಲಿ ಎದ್ದು, ಮೂರು ವರ್ಷದಿಂದ ಉರಿಯುತ್ತಿದ್ದವು.

ಮಳವಳ್ಳಿಯಲ್ಲಿ ನಾವು ಇನ್ನೂ ಎರಡು ವರ್ಷ ಇದ್ದೆವು. ಅಷ್ಟು ದಿನವೂ ಆ ಒಲೆ ಹೊಗೆಯುತ್ತಲೇ ಇತ್ತು. ಯಜಮಾನರು ಎಷ್ಟೋ ಸಲ ಗಾರೆಯವರನ್ನು ಕರೆಸುತ್ತೇನೆ ಎಂದರು. ಬೇಡ ಎಂದೆ. ಯಾಕೆ ಎಂದು ಕೇಳಿದಾಗ, ಅಭ್ಯಾಸ ಆಗಿದೆ ಬಿಡಿ ಎಂದು ಹೇಳಿ ಕಣ್ಣೊರೆಸಿಕೊಂಡು ಮತ್ತೆ ಊದುತ್ತಿದ್ದೆ.